ಸ್ವಿಫ್ಟಿಗೆ ಆಫ್ಟರ್‌ಮಾರ್ಕೆಟ್ (ಕಂಪನಿಯದ್ದಲ್ಲದ, ಹೊರಗಿನ) ಹೆಡ್‌ಲೈಟ್, ಟೇಲ್‌ಲೈಟ್ ಹಾಕಿಸುದಾ ಬೇಡ್ವಾ? ಗೊತ್ತಿದ್ದವರು ಹೇಳಿ

ಬದಿಯಡ್ಕ_ಡಿಡಿಐಎಸ್

ಎಲ್ರಿಗೂ ನಮಸ್ಕಾರ. ನನ್ನದು 2014ರ ಸ್ವಿಫ್ಟ್ ಡೀಸೆಲ್, ಕಾಸರಗೋಡಿನ ಕೆಎಲ್ 14 ಗಾಡಿ. ಕೆಲಸ ಮಂಗಳೂರಲ್ಲಿ, ಹಾಗಾಗಿ ಹೆಚ್ಚಿನ ದಿನ ಕತ್ತಲೆ ಆದ ಮೇಲೆಯೇ ತಲಪಾಡಿ ದಾಟುದು, ಕುಂಬಳೆಯಲ್ಲಿ ಒಳಗೆ ತಿರುಗಿ ಸೀತಾಂಗೋಳಿ ಆಗಿ ಬದಿಯಡ್ಕ. ಹೈವೇಯಲ್ಲಿ ಈಗ ತೊಂದರೆ ಇಲ್ಲ, ಮಧ್ಯ ಡಿವೈಡರ್ ಉಂಟು, ಲೈನೆಲ್ಲ ಸರಿಯಾಗಿ ಕಾಣ್ತದೆ. ಒಳಗಿನ ರೋಡಿಗೆ ಬಂದ ಮೇಲೆಯೇ ಕಷ್ಟ, ತಿರುವುಗಳಲ್ಲಿ ಎಡಬದಿ ಡಾಮರು ಎಲ್ಲಿ ಮುಗೀತು ಚರಂಡಿ ಎಲ್ಲಿ ಶುರುವಾಯ್ತು ಅಂತ ಗೊತ್ತಾಗುದೇ ಇಲ್ಲ, ಮಳೆ ಬಂದ್ರೆ ಲೈಟ್ ಹಾಕಿದ್ದೇನಾ ಇಲ್ವಾ ಅಂತಲೇ ಡೌಟ್ ಬರ್ತದೆ. ಹೆಡ್‌ಲೈಟಿನ ಗ್ಲಾಸ್ ಎರಡೂ ಹಳದಿ ಆಗಿ ಮಸುಕಾಗಿದೆ.

ಮಂಗಳೂರಲ್ಲಿ ಒಂದು ಆಕ್ಸೆಸರೀಸ್ ಅಂಗಡಿಯಲ್ಲಿ ಕೇಳಿದೆ. ಪ್ರೊಜೆಕ್ಟರ್ (ಬೆಳಕು ಒಟ್ಟು ಮಾಡಿ ಬಿಡುವ ಉರುಟು ಲೆನ್ಸ್) ಇರುವ ಫುಲ್ ಹೆಡ್‌ಲೈಟ್ ಸೆಟ್, ಸುತ್ತ ಡಿಆರ್‌ಎಲ್ (ಹಗಲಲ್ಲೂ ಉರಿಯುವ ಲೈಟ್) ಪಟ್ಟಿ, ಒಳಗೆ ಎಲ್ಇಡಿ ಬಲ್ಬು, ಹಿಂದಕ್ಕೆ ಸ್ಮೋಕ್ ಕಲರಿನ ಎಲ್ಇಡಿ ಟೇಲ್‌ಲೈಟ್, ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಅಂದ್ರು. ಪ್ಲಗ್ ಆಂಡ್ ಪ್ಲೇ, ವಯರ್ ಕಟ್ ಮಾಡ್ಲಿಕ್ಕಿಲ್ಲ, ಅರ್ಧ ದಿನದ ಕೆಲಸ ಅಂತ. ನೋಡ್ಲಿಕ್ಕೆ ಭಾರೀ ಲಾಯ್ಕುಂಟು, ಅದ್ರಲ್ಲಿ ಎರಡು ಮಾತಿಲ್ಲ.

ನನಗೆ ಗೊತ್ತಾಗ್ಬೇಕಾದ್ದು ಇಷ್ಟು. ಬೆಳಕು ನಿಜವಾಗಿಯೂ ಜಾಸ್ತಿ ಆಗ್ತದಾ? ನಮ್ಮ ಮಳೆಗೆ ಒಳಗೆ ನೀರು ಹೋಗುದಿಲ್ವಾ? ಕೇರಳದಲ್ಲಿ ಎಂವಿಡಿಯವರು (ಮೋಟಾರು ವಾಹನ ಇಲಾಖೆ) ಹಿಡಿದ್ರೆ ಎಂತ ಮಾಡ್ತಾರೆ? ಮತ್ತೆ ಸ್ಪ್ಯಾನರ್ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಉಂಟು ನನಗೆ, ಮನೆಯಲ್ಲೇ ಹಾಕ್ಲಿಕ್ಕೆ ಆಗ್ತದಾ? ಮಳೆಗಾಲ ಶುರುವಾಗುವ ಮೊದಲು ಮುಗಿಸ್ಬೇಕು ಅಂತ ಉಂಟು.

ಮುಳ್ಳೇರಿಯ_ವಯರ್‌ಮ್ಯಾನ್

ಅಡ್ವಾನ್ಸ್ ಕೊಟ್ಟಾಗಿಲ್ಲ ಅಲ್ವಾ? ಹಾಗಾದ್ರೆ ಚೂರು ನಿಲ್ಲಿ, ನಾನು ಗಾಡಿ ವಯರಿಂಗಿನ ಕೆಲಸದವನು, ಹೇಳ್ಲಿಕ್ಕೆ ತುಂಬ ಉಂಟು.

ನಿಮ್ಮ ಗಾಡಿಯ ಬಲ್ಬು ಎಚ್4, ಕಂಪನಿಯದ್ದು 60/55 ವಾಟ್, ಹೈ ಬೀಮಿಗೆ 60 ಲೋ ಬೀಮಿಗೆ 55. ಹೊಸದಿರುವಾಗ ಇದೇ ಬಲ್ಬಲ್ಲಿ ನಿಮಗೆ ರೋಡ್ ಕಾಣ್ತಿತ್ತು. ಹಾಗಾದ್ರೆ ಈಗ ಬೆಳಕು ಎಲ್ಲಿಗೆ ಹೋಯ್ತು ಅಂತ ಮೊದಲು ಹುಡುಕ್ಬೇಕಲ್ವಾ, ಅದು ಬಿಟ್ಟು ಇಡೀ ಸೆಟ್ಟನ್ನೇ ಬಿಸಾಡುದು ಎಂತಕ್ಕೆ.

ಒಂದನೆಯದು ನೀವೇ ಹೇಳಿದ್ದೀರಿ, ಹಳದಿ. ಅದು ಗ್ಲಾಸಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಮೇಲೆ ಬಿಸಿಲು ತಡೀಲಿಕ್ಕೆ ಒಂದು ತೆಳು ಕೋಟಿಂಗ್ ಇರ್ತದೆ, ವರ್ಷ ಕಳೆದ ಹಾಗೆ ಆ ಕೋಟಿಂಗ್ ಬಿಸಿಲಿಗೆ ಹೋಗಿ ಪ್ಲಾಸ್ಟಿಕ್ ಮಸುಕಾಗ್ತದೆ. ಮಸುಕಾದ ಲೆನ್ಸಲ್ಲಿ ಬೆಳಕು ಕಮ್ಮಿ ಆಗುದು ಮಾತ್ರ ಅಲ್ಲ, ಇದ್ದ ಬೆಳಕು ಅಡ್ಡಾದಿಡ್ಡಿ ಚದುರಿ ರೋಡಿಗೆ ಬೀಳುದು ಬಿಟ್ಟು ಎದುರಿನವರ ಕಣ್ಣಿಗೂ ಮರದ ಗೆಲ್ಲಿಗೂ ಬೀಳ್ತದೆ. ಇದಕ್ಕೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) ಸಾಕು, 800 ನಂಬರಿನಿಂದ ಶುರು ಮಾಡಿ 1500, 2000, 3000 ಅಂತ ನೀರು ಹಾಕಿ ಹಾಕಿ ಉಜ್ಜುದು, ಸುತ್ತ ಪೈಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಉಜ್ಜಿ ಪಾಲಿಶ್ ಮಾಡಿ ಬಿಟ್ರೆ ಆಗುದಿಲ್ಲ, ಕೋಟಿಂಗ್ ಪೂರ್ತಿ ಹೋಗಿರ್ತದೆ, ಬೇಗ ಮತ್ತೆ ಹಳದಿಯಾಗ್ತದೆ. ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೀಲೇಬೇಕು. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ವಿಡಿಯೋ ಎಲ್ಲ ಉಂಟಲ್ಲ, ಅದು ಗಾಡಿ ಮಾರುವವರಿಗೆ ಆಯ್ತು, ಓಡಿಸುವವರಿಗೆ ಅಲ್ಲ.

ಎರಡನೆಯದನ್ನು ಹೆಚ್ಚಿನವರು ನೋಡುದೇ ಇಲ್ಲ, ವೋಲ್ಟೇಜ್. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಹತ್ತು ಪರ್ಸೆಂಟ್ ಕಮ್ಮಿ ಆದ್ರೆ ಬೆಳಕು ಹತ್ತಲ್ಲ, ಸುಮಾರು ಮೂವತ್ತು ಪರ್ಸೆಂಟ್ ಕಮ್ಮಿ ಆಗ್ತದೆ. ಹಳೇ ಗಾಡಿಯಲ್ಲಿ ಸ್ವಿಚ್ಚು, ಕನೆಕ್ಟರು, ಅರ್ತ್ ಪಾಯಿಂಟು ಎಲ್ಲ ಕಡೆ ಸ್ವಲ್ಪ ಸ್ವಲ್ಪ ತಿಂದು ಬಲ್ಬಿಗೆ ಹೋಗುವಾಗ ಉಳಿಯುದು ಕಮ್ಮಿ. ಮಲ್ಟಿಮೀಟರ್ ಇದ್ರೆ ಇಂಜಿನ್ ಸ್ಟಾರ್ಟ್ ಮಾಡಿ ಲೈಟ್ ಹಾಕಿ ಬ್ಯಾಟರಿ ತುದಿಯಲ್ಲಿ ಒಮ್ಮೆ ನೋಡಿ, ಮತ್ತೆ ಬಲ್ಬು ಉರಿಯುತ್ತಾ ಇರುವಾಗಲೇ ಸಾಕೆಟಿನ ಹಿಂದಿನಿಂದ ಪಿನ್ ಕೊಟ್ಟು ನೋಡಿ. ಬ್ಯಾಟರಿಯಲ್ಲಿ 14 ಇದ್ದು ಬಲ್ಬಲ್ಲಿ 12.5 ಸಿಕ್ಕಿದ್ರೆ ನಿಮ್ಮ ಬೆಳಕು ವಯರಲ್ಲೇ ಖರ್ಚಾಗ್ತಾ ಉಂಟು ಅಂತ ಅರ್ಥ. ಅದಕ್ಕೆ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು) ವಯರಿಂಗ್ ಕಿಟ್ ಬರ್ತದೆ, ಹೈಗೆ ಒಂದು ಲೋಗೆ ಒಂದು ರಿಲೇ, ಬ್ಯಾಟರಿಯಿಂದ ನೇರ ದಪ್ಪ ವಯರ್, ಬ್ಯಾಟರಿ ಹತ್ತಿರವೇ ಫ್ಯೂಸ್. ಕಂಪನಿ ಸ್ವಿಚ್ಚು ರಿಲೇಯನ್ನು ಎಬ್ಬಿಸುದು ಮಾತ್ರ, ಕರೆಂಟಿನ ಭಾರ ಹೊರುದು ಹೊಸ ವಯರು. ಒಂದು ಎಚ್ಚರಿಕೆ, ಕೆಲವು ಗಾಡಿಗಳಲ್ಲಿ ಸ್ವಿಚ್ಚಿಂಗ್ ಪಾಸಿಟಿವ್ ಬದಿ ಇರ್ತದೆ ಕೆಲವಲ್ಲಿ ನೆಗೆಟಿವ್ ಬದಿ, ಟೆಸ್ಟರ್ ಹಾಕಿ ನೋಡದೆ ಕಿಟ್ ಜೋಡಿಸ್ಬೇಡಿ.

ಮತ್ತೆ ಅಂಗಡಿಯವರು 100/90 ಬಲ್ಬು ಹಾಕಿ ಅಂತ ಹೇಳಿದ್ರೆ ಬೇಡ ಹೇಳಿ. ಎರಡು 60 ವಾಟ್ ಬಲ್ಬಿಗೆ 12 ವೋಲ್ಟಲ್ಲಿ 10 ಆಂಪಿಯರ್ ಹೋಗ್ತದೆ, 100 ವಾಟಿನ ಎರಡಕ್ಕೆ 16 ಆಂಪಿಯರಿಗಿಂತ ಮೇಲೆ. ಕಂಪನಿ ವಯರು ಅದಕ್ಕೆ ಮಾಡಿದ್ದಲ್ಲ. ಸಾಕೆಟ್ ಕರಗಿ ಕಪ್ಪಾಗಿ ಬಲ್ಬಿಗೆ ಅಂಟಿಕೊಂಡು ಬಂದ ಗಾಡಿಗಳು ನನ್ನ ಹತ್ರ ಬರ್ತಾ ಇರ್ತವೆ. ರಿಲೇ ಹಾಕಿದ್ರೂ ಲೈಟಿನೊಳಗೆ ಬೆಳಕನ್ನು ಮುಂದಕ್ಕೆ ಎಸೆಯುವ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಬಿಸಿಗೆ ಸುಟ್ಟು ಹೋಗ್ತದೆ, ಅದು ಹೋದ ಮೇಲೆ ಎಂತ ಬಲ್ಬು ಹಾಕಿದ್ರೂ ಪ್ರಯೋಜನ ಇಲ್ಲ.

ಈಗ ನೀವು ಕೇಳಿದ ಸೆಟ್ಟಿನ ವಿಷಯ. ನಿಮ್ಮ ಕಷ್ಟ ಎಡದ ಅಂಚು ಕಾಣುದಿಲ್ಲ ಅಂತ ಅಲ್ವಾ, ಇದು ಅದಕ್ಕೇ ಬಂತು. ಲೋ ಬೀಮ್ ಗೋಡೆಗೆ ಬಿಟ್ಟು ನೋಡಿದ್ರೆ ಮೇಲ್ಗಡೆ ಒಂದು ಗೆರೆ ಕಾಣ್ತದೆ, ಕಟ್‌ಆಫ್ ಲೈನ್. ನಮ್ಮ ದೇಶದ ಹೆಡ್‌ಲೈಟಲ್ಲಿ ಆ ಗೆರೆ ಬಲಕ್ಕೆ ಅಡ್ಡ ಚಪ್ಪಟೆ, ಎಡಕ್ಕೆ ಹೋಗುವಾಗ ಸುಮಾರು 15 ಡಿಗ್ರಿ ಮೇಲೇರ್ತದೆ. ಎಡಬದಿಯ ಅಂಚು, ನಡೆದು ಹೋಗುವವರು, ಮೈಲಿಗಲ್ಲು ಕಾಣ್ಲಿ, ಬಲದಿಂದ ಬರುವವನ ಕಣ್ಣಿಗೆ ಹೊಡೀದಿರ್ಲಿ ಅಂತ. ಆನ್‌ಲೈನಲ್ಲಿ ಅಗ್ಗಕ್ಕೆ ಬರುವ ಸೆಟ್ಟುಗಳಲ್ಲಿ ಕೆಲವು ಬಲಬದಿ ಗಾಡಿ ಓಡಿಸುವ ದೇಶಗಳಿಗೆ ಮಾಡಿದ್ದು. ಅದ್ರಲ್ಲಿ ಗೆರೆ ಬಲಕ್ಕೆ ಏರ್ತದೆ. ಎದುರಿನವನ ಕಣ್ಣು ಕುರುಡಾಗ್ತದೆ, ನಿಮ್ಮ ಎಡದ ಅಂಚು ಈಗಿನಕ್ಕಿಂತ ಕತ್ತಲೆ. ಇಪ್ಪತ್ತು ಸಾವಿರ ಕೊಟ್ಟು ಇದ್ದ ಕಷ್ಟವನ್ನೇ ಜಾಸ್ತಿ ಮಾಡಿಕೊಂಡ ಹಾಗೆ.

ಹೇಗೆ ಗೊತ್ತು ಮಾಡುದು ಅಂದ್ರೆ ಲೆನ್ಸಿನ ಮೇಲೆ ನೋಡಿ. ವೃತ್ತದೊಳಗೆ ಇ ಅಕ್ಷರ, ಪಕ್ಕ ಒಂದು ನಂಬರ್ ಇದ್ರೆ ಅದು ಟೆಸ್ಟ್ ಆಗಿ ಒಪ್ಪಿಗೆ ಸಿಕ್ಕಿದ್ದು. ಅಲ್ಲೇ ಹತ್ರ ಬಾಣದ ಗುರುತು ಉಂಟಾ ನೋಡಿ. ಲೈಟಿಗೆ ಮುಖ ಮಾಡಿ ನಿಂತಾಗ ಬಾಣ ನಿಮ್ಮ ಬಲಗೈ ಕಡೆ ತೋರಿಸಿದ್ರೆ ಅದು ನಮ್ಮ ಹಾಗೆ ಎಡಬದಿ ಓಡಿಸುವ ದೇಶಕ್ಕೆ. ಎರಡೂ ಕಡೆ ತುದಿ ಇರುವ ಬಾಣ ಆದ್ರೆ ಎರಡಕ್ಕೂ ಹೊಂದಿಸ್ಬಹುದು. ಬಾಣವೇ ಇಲ್ಲ ಅಂದ್ರೆ ಬಲಬದಿಯ ದೇಶದ್ದು. ಯಾವ ಮಾರ್ಕೂ ಇಲ್ಲದ್ದನ್ನು ಮುಟ್ಲೇಬೇಡಿ.

ಕೆಎಲ್14_ವೈಟ್

ವಯರ್‌ಮ್ಯಾನ್ ಹೇಳಿದ್ದು ಓದಿದೆ, ಆದ್ರೆ ಇಷ್ಟೆಲ್ಲ ಹೆದರಿಸುದು ಬೇಡ ಅಂತ ನನ್ನ ಅಭಿಪ್ರಾಯ. ನಾನು ಕಂಪನಿ ಹೆಡ್‌ಲೈಟಲ್ಲೇ ಎಲ್ಇಡಿ ಬಲ್ಬು ಹಾಕಿದ್ದೇನೆ, 6000 ಕೆಲ್ವಿನ್ ಅಂದ್ರೆ ಅಚ್ಚ ಬಿಳಿ ಬಣ್ಣದ್ದು, ಬೆಳಕು ಹಗಲಿನ ಹಾಗೆ, ಚೆರ್ಕಳದಿಂದ ಪೆರ್ಲ ಅಡ್ಕಸ್ಥಳ ಆಗಿ ವಿಟ್ಲಕ್ಕೆ ರಾತ್ರಿ ಹೋಗುವಾಗ ಗುಡ್ಡೆ ತಿರುವುಗಳೆಲ್ಲ ಚೆಂದ ಕಾಣ್ತವೆ. ಕರೆಂಟ್ ಕೂಡ ಹ್ಯಾಲೊಜನಿಗಿಂತ ಕಮ್ಮಿ ಎಳೀತದೆ, ಹಾಗಾಗಿ ವಯರ್ ಕರಗುವ ಪ್ರಶ್ನೆಯೇ ಇಲ್ಲ. ಹೊಸ ಗಾಡಿಗಳಿಗೆಲ್ಲ ಕಂಪನಿಯಿಂದಲೇ ಎಲ್ಇಡಿ ಬರ್ತಾ ಉಂಟಲ್ಲ, ಅವಕ್ಕೆ ಆಗ್ತದೆ ನಮ್ಮ ಹಳೇ ಗಾಡಿಗೆ ಆಗುದಿಲ್ಲ ಅಂದ್ರೆ ಹೇಗೆ? ಸರಿಯಾಗಿ ಕೂರಿಸಿದ್ರೆ ಎದುರಿನವರಿಗೂ ತೊಂದರೆ ಇಲ್ಲ, ನನಗೆ ಯಾರೂ ಡಿಪ್ ಹೊಡೆದು ತೋರಿಸಿದ್ದಿಲ್ಲ.

ಮುಳ್ಳೇರಿಯ_ವಯರ್‌ಮ್ಯಾನ್

ಕರೆಂಟ್ ಕಮ್ಮಿ ಅಂತ ಹೇಳಿದ್ದು ಸರಿ, ಒಪ್ತೇನೆ. ಕಂಪನಿ ಎಲ್ಇಡಿಯ ಕಥೆ ಬೇರೆ, ಅಲ್ಲಿ ಲೈಟಿನ ಇಡೀ ಒಳಗಿನ ಆಕಾರವನ್ನೇ ಎಲ್ಇಡಿಗೆ ಬೇಕಾದ ಹಾಗೆ ಮಾಡಿರ್ತಾರೆ. ನಮ್ಮ ಎಚ್4 ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ (ಗಾಜಿಗೆ ಬೆರಳು ತಾಗಿಸ್ಬೇಡಿ, ಎಣ್ಣೆ ಅಂಶ ಹತ್ತಿದ ಜಾಗ ಬಿಸಿಯಾಗಿ ಬಲ್ಬು ಬೇಗ ಹೋಗ್ತದೆ). ಲೋ ಬೀಮಿನ ತಂತಿಯ ಕೆಳಗೆ ಒಂದು ಸಣ್ಣ ಲೋಹದ ಕಪ್ ಉಂಟು. ಆ ಕಪ್ ಇರುದ್ರಿಂದ ಲೋ ಬೀಮಲ್ಲಿ ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಹೋಗಿ ಕೆಳಗೆ ರೋಡಿಗೆ ಬೀಳ್ತದೆ. ಕಪ್ಪಿನ ಅಂಚಿನ ಆಕಾರವೇ ಗೋಡೆ ಮೇಲೆ ಕಟ್‌ಆಫ್ ಗೆರೆಯಾಗಿ ಕಾಣುದು. ಎಲ್ಇಡಿ ಬಲ್ಬಲ್ಲಿ ತಂತಿ ಇದ್ದ ಜಾಗದಲ್ಲಿ ಎರಡು ಬದಿಗೆ ಚಪ್ಪಟೆ ಚಿಪ್ಪು (ಬೆಳಕು ಕೊಡುವ ಎಲ್ಇಡಿ ಚಿಪ್), ನಡುವೆ ದಪ್ಪ ಪಟ್ಟಿ. ಮಿಲಿಮೀಟರ್ ಆಚೀಚೆ ಆದ್ರೂ ರಿಫ್ಲೆಕ್ಟರ್ ಅದನ್ನು ದೊಡ್ಡದು ಮಾಡಿ ಎಲ್ಲೆಲ್ಲಿಗೋ ಎಸೀತದೆ. ಗಾಡಿಯ ಎದುರು ಹತ್ತಿರದ ರೋಡು ತುಂಬ ಬೆಳ್ಳಗೆ ಕಾಣ್ತದೆ, ಅದಕ್ಕೆ ನಿಮಗೆ ಹಗಲು ಅಂತ ಅನಿಸುದು, ಹತ್ತಿರ ಬೆಳ್ಳಗಾದಷ್ಟೂ ಕಣ್ಣು ಅದಕ್ಕೆ ಹೊಂದಿಕೊಂಡು ದೂರದ್ದು ಇನ್ನೂ ಕಪ್ಪಾಗಿ ಕಾಣುದು.

ಮಾತಲ್ಲಿ ಬೇಡ, ಇವತ್ತು ರಾತ್ರಿ ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ಲೋ ಬೀಮ್ ಹಾಕಿ. ಗೆರೆ ಚೂಪಾಗಿ ಇದ್ದು ಅದ್ರ ಮೇಲೆ ಕತ್ತಲೆ ಇದ್ರೆ ನಿಮ್ಮ ಬಲ್ಬು ಪರವಾಗಿಲ್ಲ ಅಂತ ನಾನೇ ಬರೀತೇನೆ. ಮೇಲೆಲ್ಲ ಬೆಳಕು ಹರಡಿದ್ರೆ ಅಷ್ಟೂ ಎದುರಿನವರ ಕಣ್ಣಿಗೆ ಹೋಗುವ ಬೆಳಕು. ಮತ್ತೆ 6000 ಕೆಲ್ವಿನ್ ಜಡಿಮಳೆಗೆ ಆಗುದಿಲ್ಲ, ಎದುರು ಬಿಳಿ ಪರದೆ ಕಟ್ಟಿದ ಹಾಗಾಗ್ತದೆ, ಒದ್ದೆ ಡಾಮರಲ್ಲಿ ರೋಡು ಯಾವುದು ಗುಂಡಿ ಯಾವುದು ಗೊತ್ತಾಗುದಿಲ್ಲ. ಹ್ಯಾಲೊಜನಿನ ಚೂರು ಹಳದಿ ಬೆಳಕೇ ನಮ್ಮ ಜೂನ್ ಜುಲೈಗೆ ಕಣ್ಣಿಗೆ ಹಿತ.

ಅಡೂರು_ಮಾಷ್ಟ್ರು

ಕೆಎಲ್14 ಅವರೇ, ಡಿಪ್ ಹೊಡೆದು ತೋರಿಸಿಲ್ಲ ಅಂದ್ರೆ ತೊಂದರೆ ಆಗಿಲ್ಲ ಅಂತ ಅಲ್ಲ. ನನಗೆ ಅರವತ್ತು ದಾಟಿತು, ಚೆರ್ಕಳ ಜಾಲ್ಸೂರು ರೋಡಲ್ಲಿ ರಾತ್ರಿ ಬರುವವನು ನಾನು. ಎದುರಿಂದ ಆ ಬಿಳಿ ಲೈಟ್ ಬಂದಾಗ ನನ್ನ ಕೈ ಡಿಪ್ಪರಿಗೆ ಹೋಗುದಿಲ್ಲ, ಎರಡೂ ಕೈಯಲ್ಲಿ ಸ್ಟೇರಿಂಗ್ ಗಟ್ಟಿ ಹಿಡಿದು ಬ್ರೇಕ್ ಒತ್ತಿ ಎಡಕ್ಕೆ ಎಷ್ಟು ಜಾಗ ಉಂಟು ಅಂತ ಅಂದಾಜಿಗೆ ಹೋಗುದು. ಗಾಡಿ ದಾಟಿ ಹೋದ ಮೇಲೂ ಕಣ್ಣು ಸರಿಯಾಗ್ಲಿಕ್ಕೆ ಹೊತ್ತು ಬೇಕು, ವಯಸ್ಸಾದ ಕಣ್ಣಿಗೆ ಇನ್ನೂ ಜಾಸ್ತಿ ಹೊತ್ತು ಬೇಕು. ಆ ಹೊತ್ತಲ್ಲಿ ರೋಡ್ ಬದಿ ಕೊಡೆ ಹಿಡಿದು ನಡೆಯುವವರು ಇದ್ರೆ? ನಮ್ಮ ರೋಡುಗಳಲ್ಲಿ ಫುಟ್‌ಪಾತ್ ಎಲ್ಲಿ ಉಂಟು ಹೇಳಿ. ಇದು ನನಗೆ ನಿಜವಾಗಿ ಬೇಸರದ ವಿಷಯ, ಹಾಗಾಗಿ ಉದ್ದ ಬರೀತಾ ಇದ್ದೇನೆ, ಕ್ಷಮಿಸಿ.

ಕಾನೂನಿನದ್ದು ಕೇಳಿದ್ದೀರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸ್ಲಿಕ್ಕೆ ಇಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಹೋದ ಒಂದು ಕೇಸಲ್ಲೇ ಇದನ್ನು ಗಟ್ಟಿ ಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಅಂತ ಸೆಕ್ಷನ್ ಬಂತು, ಅನುಮತಿ ಇಲ್ಲದ ಬದಲಾವಣೆಗೆ ಓನರಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು ಅಥವಾ ಎರಡೂ. ಹೆಡ್‌ಲೈಟ್ ಒಂದು, ಟೇಲ್‌ಲೈಟ್ ಇನ್ನೊಂದು ಅಂತ ಲೆಕ್ಕ ಹಾಕಿದ್ರೆ ನೀವೇ ನೋಡಿಕೊಳ್ಳಿ. ಕೇರಳದಲ್ಲಿ ಹೈಕೋರ್ಟೇ ಮಾರ್ಪಾಡು ಮಾಡಿದ ಗಾಡಿಗಳ ಬಗ್ಗೆ ಕಟ್ಟುನಿಟ್ಟು, 2022ರ ಅಕ್ಟೋಬರಿನ ವಡಕ್ಕಂಚೇರಿ ಬಸ್ ಅಪಘಾತದ ಮೇಲಂತೂ ಬಣ್ಣ ಬಣ್ಣದ ಲೈಟಿನ ಬಸ್ಸುಗಳನ್ನು ಸುಮ್ಮನೆ ಬಿಡ್ಲಿಲ್ಲ. ತಲಪಾಡಿ ಆಚೆ ಯಾರೂ ಕೇಳುದಿಲ್ಲ ಅಂತ ಕೆಲವರು ಹೇಳ್ತಾರೆ, ಕಾಯ್ದೆ ಕೇಂದ್ರದ್ದು, ಗಡಿಯ ಎರಡೂ ಬದಿಗೆ ಒಂದೇ.

ಇನ್ನೊಂದು ನಿಯಮ ನನಗೆ ಬಹಳ ಸರಿ ಕಾಣುದು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು. ಲೈಟಿನಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಬ್ಬರ ಕಣ್ಣು ಇದ್ರೆ ಆ ಕಣ್ಣಿಗೆ ಕೋರೈಸ್ಬಾರದು, ಬೆಳಕು ಅಷ್ಟು ಕೆಳಗೆ ಬಾಗಿರ್ಬೇಕು ಅಂತ. ಇದನ್ನು ಪರೀಕ್ಷೆ ಮಾಡ್ಲಿಕ್ಕೆ ಆಫೀಸರ್ ಬೇಡ. ಮನೆಯವರನ್ನು ಒಬ್ಬರನ್ನು ಗಾಡಿಯಲ್ಲಿ ಕೂರಿಸಿ ನೀವೇ ಆ ಜಾಗದಲ್ಲಿ ಹೋಗಿ ನಿಲ್ಲಿ, ಕಣ್ಣನ್ನು ಆ ಎತ್ತರಕ್ಕೆ ತನ್ನಿ.

2014ರ ಗಾಡಿ ಅಂದ್ರೆ 2029ಕ್ಕೆ ಆರ್‌ಸಿ ರಿನ್ಯೂವಲಿಗೆ ತೋರಿಸ್ಲಿಕ್ಕೆ ಉಂಟು. ಕಂಪನಿ ಲೈಟ್ ತೆಗೆದ್ರೂ ಬಿಸಾಡ್ಬೇಡಿ.

ಉಪ್ಪಳ_ಗೇಟ್

ಹೆಡ್‌ಲೈಟ್ ಬಗ್ಗೆ ಎಲ್ಲ ಬಂತು, ಟೇಲ್‌ಲೈಟ್ ನಾನು ಹೇಳ್ತೇನೆ, ನಮ್ಮ ಮನೆಯ ಗಾಡಿಗೆ ಎಲ್ಇಡಿ ಟೇಲ್ ಉಂಟು.

ಮೊದಲಿಗೆ ಸ್ಮೋಕ್ ಬೇಡ, ಯಾವ ಕಾರಣಕ್ಕೂ ಬೇಡ. ನಿಮ್ಮ ಹಿಂದಿನ ಲೈಟ್ ಇರುದು ನಿಮಗಲ್ಲ, ಹಿಂದೆ ಬರುವ ಟಿಪ್ಪರಿನವನಿಗೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಮೇಲೆ ಮಳೆ, ಆ ಮಳೆಯಲ್ಲಿ ಅವನ ವೈಪರಿನ ಎಡೆಯಿಂದ ನಿಮ್ಮ ಬ್ರೇಕ್‌ಲೈಟ್ ಕಾಣ್ಬೇಕು. ಹಗಲು ಬಿಸಿಲಲ್ಲಿಯೂ ಕಪ್ಪು ಲೆನ್ಸಿನೊಳಗೆ ಬ್ರೇಕ್ ಹೊತ್ತಿದ್ದು ಗೊತ್ತಾಗುದಿಲ್ಲ. ಮತ್ತೆ ಕೆಲವು ಸೆಟ್ಟಿನಲ್ಲಿ ಬೇರೆ ಗಾಡಿಯ ಬೆಳಕಿಗೆ ಹೊಳೆಯುವ ರಿಫ್ಲೆಕ್ಟರ್ ತುಂಡೇ ಇರುದಿಲ್ಲ, ರಾತ್ರಿ ರೋಡ್ ಬದಿ ಲೈಟ್ ಆಫ್ ಮಾಡಿ ನಿಲ್ಲಿಸಿದ್ರೆ ಗಾಡಿ ಇರುದು ಯಾರಿಗೂ ಕಾಣುದಿಲ್ಲ. ತಗೊಳ್ಳುವಾಗ ಟೇಲಿಗೂ ಬ್ರೇಕಿಗೂ ಬೆಳಕಿನ ವ್ಯತ್ಯಾಸ ಚೆನ್ನಾಗಿ ಉಂಟಾ ನೋಡಿ. ಮಾಮೂಲಿ ಬಲ್ಬಲ್ಲಿ ಟೇಲ್ 5 ವಾಟ್, ಬ್ರೇಕ್ 21 ವಾಟ್, ನಾಲ್ಕು ಪಟ್ಟು. ಕೆಲವು ಅಗ್ಗದ ಎಲ್ಇಡಿಯಲ್ಲಿ ಬ್ರೇಕ್ ಒತ್ತಿದ್ರೂ ಹೆಚ್ಚು ಕಮ್ಮಿ ಅಷ್ಟೇ ಇರ್ತದೆ.

ಹಾಕುದು ಕಷ್ಟ ಇಲ್ಲ. ಡಿಕ್ಕಿ ತೆಗೆದ್ರೆ ಅಂಚಲ್ಲಿ ಬೋಲ್ಟ್ ಕಾಣ್ತದೆ, ಅದನ್ನು ಬಿಚ್ಚಿ ಲೈಟನ್ನು ನೇರ ಹಿಂದಕ್ಕೆ ಎಳೀಬೇಕು, ಬದಿಗೆ ತಿರುಚಿದ್ರೆ ಒಳಗಿನ ಕ್ಲಿಪ್ಪು ಮುರೀತದೆ. ಹೊಸದು ಕೂರಿಸುವ ಮೊದಲು ಗಾಸ್ಕೆಟ್ ಸುತ್ತ ಪೂರ್ತಿ ಉಂಟಾ, ಬಾಡಿಯ ಆ ಜಾಗದಲ್ಲಿ ಮಣ್ಣು ಇಲ್ವಾ ನೋಡಿ ಒರಸಿ. ಅಲ್ಲಿಂದ ನೀರು ಹೋದ್ರೆ ಸೀದಾ ಸ್ಟೆಪ್ನಿ ಗುಂಡಿಗೆ ಹೋಗಿ ನಿಲ್ತದೆ, ನಿಮಗೆ ಗೊತ್ತಾಗುದು ತುಕ್ಕು ಹಿಡಿದ ಮೇಲೆ.

ಇಂಡಿಕೇಟರ್ ಕೂಡ ಎಲ್ಇಡಿ ಆದ್ರೆ ಒಂದು ತಲೆಬಿಸಿ ಉಂಟು, ಟಕ ಟಕ ಅಂತ ಡಬಲ್ ಸ್ಪೀಡಲ್ಲಿ ಮಿನುಗ್ಲಿಕ್ಕೆ ಶುರುವಾಗ್ತದೆ. 21 ವಾಟಿನ ಬಲ್ಬು ಒಂದೂವರೆ ಆಂಪಿಯರಿನ ಮೇಲೆ ಎಳೀತದೆ, ಎಲ್ಇಡಿ ಅದರ ಚೂರು ಪಾಲು, ಆಗ ಬಲ್ಬು ಹೋಗಿದೆ ಅಂತ ಗಾಡಿ ತಿಳ್ಕೊಳ್ಳುದು. ನಿಯಮದಲ್ಲಿ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲದ ಒಳಗೆ ಮಿನುಗ್ಬೇಕು. ಅದಕ್ಕೆ ಅಂಗಡಿಯವರು 6 ಓಮ್ 50 ವಾಟಿನ ರೆಸಿಸ್ಟರ್ ಹಾಕ್ತಾರೆ. ಆ ರೆಸಿಸ್ಟರ್ ಕೈ ಸುಡುವಷ್ಟು ಬಿಸಿ ಆಗ್ತದೆ, ಪ್ಲಾಸ್ಟಿಕ್ ಟ್ರಿಮ್ಮಿನ ಹಿಂದೆ ಟೇಪಲ್ಲಿ ಸುತ್ತಿ ಬಿಟ್ರೆ ಟ್ರಿಮ್ಮು ಕರಗ್ತದೆ, ಬಾಡಿಯ ತಗಡಿಗೆ ಸ್ಕ್ರೂ ಹಾಕಿ ಕೂರಿಸ್ಬೇಕು. ನಾವು ಇಂಡಿಕೇಟರಿಗೆ ಮಾಮೂಲಿ ಹಳದಿ ಬಲ್ಬೇ ಇರುವ ಸೆಟ್ ಹುಡುಕಿ ತಂದ್ವಿ, ಟೇಲ್ ಮತ್ತು ಬ್ರೇಕ್ ಮಾತ್ರ ಎಲ್ಇಡಿ, ಆ ರಗಳೆಯೇ ಇಲ್ಲ.

ಕಡಲ ಬದಿಯವರಿಗೆ ಇನ್ನೊಂದು ಮಾತು, ಉಪ್ಪಿನ ಗಾಳಿಗೆ ಕನೆಕ್ಟರಿನ ಪಿನ್ನಲ್ಲಿ ಹಸಿರು ಕಟ್ತದೆ. ವಯರನ್ನು ಒತ್ತಿ ಹಿಡಿಯುವ ಕ್ಲಿಪ್ಪು ಬಳಸ್ಬೇಡಿ, ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯುವ ಕೊಳವೆ) ಹಾಕಿ, ಪಿನ್ನಿಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಚೂರು ಹಚ್ಚಿ.

ಬದಿಯಡ್ಕ_ಡಿಡಿಐಎಸ್

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ನಿನ್ನೆ ಅಂಗಡಿಗೆ ಹೋಗಿ ಆ ಸೆಟ್ಟನ್ನು ಕೈಗೆ ತಗೊಂಡು ನೋಡಿದೆ, ಲೆನ್ಸಲ್ಲಿ ಇ ಮಾರ್ಕೂ ಇಲ್ಲ ಬಾಣವೂ ಇಲ್ಲ. ಬಾಣದ ಬಗ್ಗೆ ಕೇಳಿದ್ರೆ ಅಲ್ಲಿ ಯಾರಿಗೂ ಉತ್ತರ ಗೊತ್ತಿರ್ಲಿಲ್ಲ. ಅದು ಬೇಡ ಅಂತ ಬಂದೆ. ಸಂಜೆ ಮಲ್ಟಿಮೀಟರ್ ಹಾಕಿದೆ, ಬ್ಯಾಟರಿಯಲ್ಲಿ 14.1, ಎಡದ ಬಲ್ಬಲ್ಲಿ 12.6, ಬಲದ್ದರಲ್ಲಿ 13ರ ಹತ್ತಿರ. ಎಡ ಬಲ ಯಾಕೆ ಬೇರೆ ಬೇರೆ? ಹಾಗೆಯೇ ಇನ್ನೊಂದು, ಲೆನ್ಸ್ ಉಜ್ಜಿದ್ರೂ ಸರಿ ಆಗ್ಲಿಲ್ಲ ಅಂದ್ರೆ ಕಂಪನಿಯದ್ದೇ ಹೊಸ ಹೆಡ್‌ಲೈಟ್ ತಂದು ನಾನೇ ಹಾಕಬಹುದಾ?

ಮುಳ್ಳೇರಿಯ_ವಯರ್‌ಮ್ಯಾನ್

ಒಂದೂವರೆ ವೋಲ್ಟ್ ಎಡದಲ್ಲಿ ಹೋಗ್ತಾ ಉಂಟು, ಅದೇ ನಿಮ್ಮ ಎಡದ ಅಂಚಿನ ಅರ್ಧ ಕಥೆ. ಎಡ ಮಾತ್ರ ಜಾಸ್ತಿ ಇಳಿದಿದ್ರೆ ಆ ಬದಿಯ ಸಾಕೆಟ್ ಪಿನ್ ಸಡಿಲ ಆಗಿರ್ತದೆ ಇಲ್ಲಾಂದ್ರೆ ಕನೆಕ್ಷನಲ್ಲಿ ತುಕ್ಕು. ಮೊದಲು ಸಾಕೆಟ್ ಎಳೆದು ನೋಡಿ, ಪಿನ್ನಿನ ಜಾಗ ಕಂದು ಬಣ್ಣ ಆಗಿದ್ರೆ ಸಾಕೆಟ್ಟೇ ಬದಲಾಯಿಸಿ, ಸೆರಾಮಿಕ್‌ದು ಸಿಕ್ತದೆ, ಬೆಲೆ ಏನೂ ಇಲ್ಲ. ಅರ್ತ್ ಪಾಯಿಂಟಿನ ಬೋಲ್ಟ್ ಬಿಚ್ಚಿ ತಗಡು ಹೊಳೆಯುವಷ್ಟು ಉಜ್ಜಿ ಮತ್ತೆ ಬಿಗಿ ಮಾಡಿ. ಇಷ್ಟು ಮಾಡಿ ಮತ್ತೊಮ್ಮೆ ಅಳೆದು ನೋಡಿ, ಆ ಮೇಲೆಯೂ ಒಂದು ವೋಲ್ಟ್ ಹೋಗ್ತಾ ಇದ್ರೆ ರಿಲೇ ಕಿಟ್ ಹಾಕುವ.

ಬಲ್ಬು ಹಳತಾಗಿದ್ರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಫಿಲಿಪ್ಸ್ ಒಸ್ರಾಂ ಯಾವುದಾದ್ರೂ 60/55ರದ್ದೇ. ನೀಲಿ ಬಣ್ಣ ಬಳಿದ ಗಾಜಿನದ್ದು ತಗೊಳ್ಬೇಡಿ, ಆ ನೀಲಿ ಬಣ್ಣವೇ ಬೆಳಕನ್ನು ತಡೀತದೆ.

ಹೊಸ ಹೆಡ್‌ಲೈಟ್ ಹಾಕುದು ಮನೆಯಲ್ಲಿ ಆಗ್ತದೆ, ಆದ್ರೆ ಮುಂದಿನ ಬಂಪರ್ ಬಿಚ್ಚಬೇಕು. ಬ್ಯಾಟರಿಯ ನೆಗೆಟಿವ್ ತೆಗೀರಿ, ಬಂಪರಿನ ಮೇಲೆ ಗ್ರಿಲ್ ಹತ್ರ, ಎರಡು ಚಕ್ರದ ಗೂಡಲ್ಲಿ, ಕೆಳಗೆ, ಎಲ್ಲ ಕಡೆ ಸ್ಕ್ರೂ ಮತ್ತೆ ಪ್ಲಾಸ್ಟಿಕ್ ಕ್ಲಿಪ್ಪು ಇರ್ತವೆ. ಕ್ಲಿಪ್ಪು ಹಳೇ ಗಾಡಿಯಲ್ಲಿ ಮುರಿದೇ ಮುರೀತದೆ, ಮೊದಲೇ ಹೊಸದು ತಂದಿಡಿ. ಬಂಪರ್ ಎಳೆಯುವಾಗ ಎರಡು ಜನ ಬೇಕು, ಫಾಗ್‌ಲ್ಯಾಂಪಿನ ವಯರ್ ಬಿಡಿಸದೆ ಎಳೆದ್ರೆ ಕನೆಕ್ಟರ್ ಕಿತ್ತು ಬರ್ತದೆ. ಪೂರ್ತಿ ಜೋಡಿಸುವ ಮೊದಲೇ ಲೈಟೆಲ್ಲ ಹಾಕಿ ನೋಡಿ, ಇಲ್ಲದಿದ್ರೆ ಪುನಃ ಬಿಚ್ಚುದು. ಲೈಟಿನ ಹಿಂದಿನ ರಬ್ಬರ್ ಟೊಪ್ಪಿ ಸುತ್ತ ಸರಿಯಾಗಿ ಕೂತಿರ್ಬೇಕು, ನಮ್ಮಲ್ಲಿ ಹೆಡ್‌ಲೈಟಿನೊಳಗೆ ನೀರು ಬರುದು ಹೆಚ್ಚಾಗಿ ಅಲ್ಲಿಂದಲೇ. ಬೆಳಿಗ್ಗೆ ಲೆನ್ಸ್ ಒಳಗೆ ತೆಳು ಹಬೆ ಕಂಡು ಲೈಟ್ ಹಾಕಿದ ಮೇಲೆ ಹೋದ್ರೆ ಚಿಂತೆ ಇಲ್ಲ, ಅದಕ್ಕೆ ಗಾಳಿ ಹೋಗುವ ತೂತು ಉಂಟು, ಆ ತೂತಿಗೆ ಸಿಲಿಕಾನ್ ಬಳಿದು ಮುಚ್ಚುವವರಿದ್ದಾರೆ, ಹಾಗೆ ಮಾಡ್ಲೇಬಾರದು. ಹನಿ ಹನಿ ನೀರು ಕೆಳಗೆ ನಿಂತಿದ್ರೆ ಮಾತ್ರ ಲೀಕ್.

ಎಲ್ಲ ಆದ ಮೇಲೆ ಲೈನ್ ಹಿಡಿಯುದು ಬಾಕಿ, ಇದು ಮಾಡದೆ ಗಾಡಿ ಹೊರಗೆ ತೆಗೀಬೇಡಿ. ಟಯರಿನ ಗಾಳಿ ಸರಿ ಮಾಡಿ, ಡ್ರೈವರ್ ಸೀಟಲ್ಲಿ ಒಬ್ಬರನ್ನು ಕೂರಿಸಿ, ಡ್ಯಾಶಲ್ಲಿ ಲೈಟ್ ಎತ್ತರದ ಚಕ್ರ ಇದ್ರೆ ಸೊನ್ನೆಗೆ ತನ್ನಿ. ಗೋಡೆಯಿಂದ 5 ಮೀಟರ್. ನೆಲದಿಂದ ಬಲ್ಬಿನ ನಡು ಎಷ್ಟು ಎತ್ತರ ಅಂತ ಅಳೆದು ಗೋಡೆಯಲ್ಲಿ ಅದೇ ಎತ್ತರಕ್ಕೆ ಟೇಪ್ ಹಚ್ಚಿ, ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಇನ್ನೊಂದು. ಲೋ ಬೀಮಿನ ಚಪ್ಪಟೆ ಗೆರೆ ಕೆಳಗಿನ ಟೇಪಿಗೆ ಬರ್ಬೇಕು, ಎಡಕ್ಕೆ ಏರುವ ಮೂಲೆ ಒಂದೊಂದು ಲೈಟಿನ ನೇರಕ್ಕೆ. ಒಂದು ಲೈಟನ್ನು ಬಟ್ಟೆಯಲ್ಲಿ ಮುಚ್ಚಿ ಇನ್ನೊಂದನ್ನು ಹಿಡಿಯಿರಿ, ಹ್ಯಾಲೊಜನಿಗೆ ತುಂಬ ಹೊತ್ತು ಬಟ್ಟೆ ಮುಚ್ಚಿಡ್ಬೇಡಿ, ಲೆನ್ಸ್ ಬಿಸಿಯಾಗ್ತದೆ.

ಕೆಎಲ್14_ವೈಟ್

ವಯರ್‌ಮ್ಯಾನ್ ಹೇಳಿದ ಹಾಗೆ ಗೋಡೆಗೆ ಬಿಟ್ಟು ನೋಡಿದೆ. ಬಲದ್ದರಲ್ಲಿ ಗೆರೆ ಸುಮಾರಾಗಿ ಕಾಣ್ತದೆ, ಎಡದ್ದರಲ್ಲಿ ಮೇಲೆಲ್ಲ ಬೆಳಕು ಉಂಟು. ಬಲ್ಬು ತಿರುಗಿಸಿ ಚಿಪ್ಪು ಎರಡೂ ಬದಿಗೆ ಸರಿಯಾಗಿ ಅಡ್ಡಕ್ಕೆ ಬರುವ ಹಾಗೆ ಕೂರಿಸಿ ನೋಡ್ಬೇಕು. ಮಾಷ್ಟ್ರು ಹೇಳಿದ್ದು ಓದಿದ ಮೇಲೆ ಹಾಗೆಯೇ ಬಿಡ್ಲಿಕ್ಕೆ ಮನಸ್ಸಾಗುದಿಲ್ಲ.

ಮುಳ್ಳೇರಿಯ_ವಯರ್‌ಮ್ಯಾನ್

ತಿರುಗಿಸಿ ನೋಡಿ, ಚಿಪ್ಪು ಗಡಿಯಾರದ 3 ಮತ್ತು 9ರ ಕಡೆ ನೋಡ್ಬೇಕು. ಆಗಲೂ ಗೆರೆ ಸಿಗದಿದ್ರೆ ಹ್ಯಾಲೊಜನ್ ವಾಪಸ್ ಹಾಕಿ. ಹಳೇ ಬಲ್ಬು ಇಟ್ಟುಕೊಂಡಿದ್ದೀರಾ?

ಕೆಎಲ್14_ವೈಟ್

ಉಂಟು, ಡ್ಯಾಶ್ ಬಾಕ್ಸಲ್ಲೇ ಉಂಟು. ಶನಿವಾರ ಗಾಡಿ ತಗೊಂಡು ಮುಳ್ಳೇರಿಯಕ್ಕೆ ಬರ್ತೇನೆ, ಲೈನ್ ಒಟ್ಟಿಗೆ ಹಿಡಿಯುವ.